ಎರಡನೇ ದನಿ

ಫೆಬ್ರವರಿ 9, ಗುರುವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ನಮ್ಮ ತಿವೊಲಿ ಬಡಾವಣೆಯ ಏರು ಹತ್ತುವಾಗ ತಂಗಿ ಇದಾಲ್ಮಿಸ್ ನನ್ನ ಸೊಂಟ ಹಿಡಿದುಕೊಂಡಿದ್ದಳು. ಬಾಗಿಲುಗಳಲ್ಲಿ ಕುರ್ಚಿ ಹಾಕಿಕೊಂಡು ಕೂತವರೆಲ್ಲ "ಹೇಗಿದ್ದೀಯೇ ನೆರೇಯ್ಡಾ?" ಎಂದು ಗಂಟಲು ಹರಿಯುವಂತೆ ಕೂಗಿದರು. ಹೋಗಿರುವುದು ನನ್ನ ಗಂಟಲು, ಕಿವಿಯಲ್ಲ.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದಾರೆ. ಗಡ್ಡೆ ಬೇರು ಸಮೇತ ಬಂದಿದೆ ಎಂದು ಡಾಕ್ಟರು ನನ್ನ ಮುಂದೆಯೇ ನನ್ನ ತಂಗಿಗೆ ಹೇಳಿದರು. ಈಗ ಉಸಿರು ಕುತ್ತಿಗೆಯ ಬುಡದ ತೂತಿನಿಂದ ಹೋಗಿ ಬರುತ್ತದೆ. ಕೆಮ್ಮಿದರೆ ಅಲ್ಲಿಂದಲೇ ಕೆಮ್ಮು. ಮೂಗು ಮುಖದ ಮೇಲೆ ಸುಮ್ಮನೆ ಕೂತಿದೆ, ಕಾಫಿ ಕುದಿಯುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇದಾಲ್ಮಿಸ್ ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟಿದ್ದಾಳೆ. ನಾನು ಅರ್ಧ ಬರೆಯುವಷ್ಟರಲ್ಲಿ ಅವಳೇ ಉಳಿದದ್ದನ್ನು ಊಹಿಸಿ ಎಲ್ಲರಿಗೂ ಉತ್ತರ ಹೇಳಿಬಿಡುತ್ತಾಳೆ. ಒಮ್ಮೊಮ್ಮೆ ಸರಿಯಾಗಿರುತ್ತದೆ. ತಪ್ಪಾದಾಗ ಒರೆಸಿ ಮತ್ತೆ ಬರೆಯುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ.

ಫೆಬ್ರವರಿ 21, ಮಂಗಳವಾರ

ಇದಾಲ್ಮಿಸ್ ಮಾತು ಕಲಿಸುವ ತರಗತಿಗೆ ಕರೆದುಕೊಂಡು ಹೋದಳು. ಕಲಿಸುವವಳು ಯಾನೆಲಿಸ್ ಎಂಬ ಹೆಂಗಸು, ದಪ್ಪಗಿದ್ದಾಳೆ, ಸದಾ ಬೀಸಣಿಗೆ ಬೀಸಿಕೊಳ್ಳುತ್ತಾಳೆ. ಗಾಳಿ ನುಂಗಬೇಕಂತೆ, ಹೊಟ್ಟೆಗಿಳಿಯುವ ಮೊದಲೇ ಅದನ್ನು ಮೇಲಕ್ಕೆ ತಂದು ಅದರಲ್ಲಿ ಮಾತಾಡಬೇಕಂತೆ. ತೇಗು, ಅಷ್ಟೆ. ತೇಗಿನಲ್ಲಿ ಮಾತು.

ಬಸಿಲಿಯೊ ಎಂಬ ಮುದುಕನಿದ್ದ, ಹಿಂದೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದನಂತೆ. ಅವನಿಗೂ ನನ್ನ ಹಾಗೆಯೇ ಆಗಿದೆ. ಯಾನೆಲಿಸ್ ಅವನನ್ನು ನನಗೆ ತೋರಿಸಲೆಂದೇ ಮಾತಾಡಿಸಿದಳು. ಬಾವಿಯ ತಳದಲ್ಲಿ ಕಪ್ಪೆ ವಟಗುಟ್ಟಿದ ಹಾಗೆ ಕೇಳಿಸಿತು. "ಹೆದರ್ಬೇಡ ತಾಯಿ, ನನ್ನ ಹೆಂಡ್ತಿ ಅಭ್ಯಾಸ ಮಾಡ್ಕೊಂಡಿದಾಳೆ. ಮೊದಲಿಗಿಂತ ಕಮ್ಮಿ ಬೈತೀನಂತೆ" ಎಂದ.

ಎಲ್ಲರೂ ನಕ್ಕರು. ನಾನು ಸ್ಲೇಟಿನ ಮೇಲೆ ಬರೆದೆ: ನಾನು ಹಾಡುಗಾರ್ತಿ. ಜನರೆದುರು ತೇಗಲಾರೆ.

ಯಾನೆಲಿಸ್ ಅದನ್ನು ಓದಿದಳು. "ಸರಿಯಮ್ಮ. ಮನಸ್ಸು ಬದಲಾದ್ರೆ ಮಂಗಳವಾರ ಇಲ್ಲೇ ಇರ್ತೀವಿ, ಎಲ್ಲೂ ಹೋಗಲ್ಲ" ಎಂದಳು.

ಮತ್ತೆ ಹೋಗುವುದಿಲ್ಲ.

ಮಾರ್ಚ್ 6, ಸೋಮವಾರ

ಬೆಳಗಿನಿಂದ ಕರೆಂಟಿಲ್ಲ. ಇದಾಲ್ಮಿಸ್ ತಾರಸಿಗೆ ಹೋಗಿ, ನೀರಿನ ತೊಟ್ಟಿಯ ಹಿಂದೆ ನಿಂತು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ನನಗೆ ಕೇಳಿಸಬಾರದೆಂದು. ಕೇಳಿಸಿತು.

ಹುಡುಗಿಯರಾಗಿದ್ದಾಗಿನಿಂದ ನಾವಿಬ್ಬರೂ ಕಿಯಾಲಾ ಸೋದರಿಯರೆಂದೇ ಹೆಸರಾದವರು. ಅವಳದು ಮೊದಲ ದನಿ, ನನ್ನದು ಎರಡನೆಯದು. ಮೊದಲ ದನಿ ಹಾಡನ್ನು ಹೊತ್ತುಕೊಂಡು ಮೇಲೆ ಹೋಗುತ್ತದೆ. ಎರಡನೆಯದು ಕೆಳಗೆ, ಅದರ ಪಕ್ಕ ಬಿಡದೆ ನಡೆಯುತ್ತದೆ. ಕೇಳಿದವರು ಮನೆಗೆ ಹೋಗುತ್ತ ಗುನುಗುವುದು ಮೊದಲನೆಯದನ್ನೇ. ಅದಕ್ಕೆ ನನಗೆ ಯಾವತ್ತೂ ಬೇಸರವಿರಲಿಲ್ಲ. ಇವತ್ತು ತಾರಸಿಯಿಂದ ಅವಳದೊಂದೇ ದನಿ ಬಂದಾಗ ಹಿಡಿಯಲು ಕಂಬಿಯಿಲ್ಲದ ಮೆಟ್ಟಿಲು ಹತ್ತುವವರನ್ನು ನೋಡಿದ ಹಾಗಾಯಿತು. ಬೀಳುತ್ತಾಳೆ, ಈಗ ಬೀಳುತ್ತಾಳೆ ಎನ್ನಿಸುತ್ತಿತ್ತು.

ಬೀಳಲಿಲ್ಲ. ನಿಜ ಹೇಳಬೇಕೆಂದರೆ ಅದೇ ಚುಚ್ಚಿದ್ದು.

ಮಾರ್ಚ್ 19, ಭಾನುವಾರ

ಇದಾಲ್ಮಿಸ್‌ಗೆ ಎವೆಲಿಯೊನ ಹೋಟೆಲಿನಲ್ಲಿ ಮತ್ತೆ ಶನಿವಾರಗಳು ಸಿಕ್ಕಿವೆ. ನಾವಿಬ್ಬರೂ ವರ್ಷಗಟ್ಟಲೆ ಹಾಡಿದ ಜಾಗ ಅದು. ಅವನ ಅಜ್ಜಿಯ ಮನೆಯ ಅಂಗಳ, ನಡುವೆ ಮಾವಿನ ಮರ, ಸುತ್ತ ಮೇಜುಗಳು.

ಎರಡನೇ ದನಿ ಯಾರದು ಎಂದು ಬರೆದು ಕೇಳಿದೆ.

"ನೋಡೋಣ ಅಕ್ಕ. ಇನ್ನೂ ಏನೂ ಗಟ್ಟಿಯಾಗಿಲ್ಲ" ಎಂದು ಬಟ್ಟೆ ಒಣಗಿಸಲು ಎದ್ದು ಹೋದಳು. ಒಣಗಿಸಲು ಬಟ್ಟೆಯೇ ಇರಲಿಲ್ಲ.

ಯಾರಿರಬಹುದು? ಮೂಗಿನಲ್ಲಿ ಹಾಡುವ ಆ ಸಂಗೀತ ಶಾಲೆಯ ಹುಡುಗಿಯಿರಬಹುದು. ಅವಳು ಸಾಲಿನ ಮಧ್ಯೆ ಉಸಿರು ತೆಗೆದುಕೊಳ್ಳುತ್ತಾಳೆ, ನೀರಿನಿಂದ ತಲೆ ಎತ್ತಿದ ಎಮ್ಮೆಯ ಹಾಗೆ. ಅಥವಾ ರೇಡಿಯೊದಲ್ಲಿದ್ದ ಓಲ್ಗಾ, ಯಾವಾಗಲೂ ತಾನೇ ಮೊದಲ ದನಿ ಎಂದುಕೊಂಡವಳು. ಯಾರಾದರೂ ಸರಿ, ಅವರ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಲಿ.

ಸಂಜೆ ಎವೆಲಿಯೊ ತಾನೇ ಬಂದ. ಮಡಿಕೆ ಬಿಡಿಸದ ಅಂಗಿ, ಸೆಂಟು ಹಾಕಿಕೊಂಡಿರಬೇಕು, ಇದಾಲ್ಮಿಸ್ ಸೀನಿದಳು. ನನ್ನ ಎರಡೂ ಕೈ ಹಿಡಿದುಕೊಂಡು ಕೂಗಿದ: "ನೆರೇಯ್ಡಾ ಅಕ್ಕ! ಮುಂದಿನ ತಿಂಗಳು ಹದಿನೈದನೇ ತಾರೀಕು ನಿಮಗೆ ಸನ್ಮಾನ! ಊಟ ಹೋಟೆಲಿಂದು! ಏನು ಬೇಕೋ ಕೇಳಿ, ಕಡಲೇಡಿ ಬೇಕಾದ್ರೆ ಕಡಲೇಡಿ!"

ನನಗೆ ಕಿವಿ ಕೇಳುತ್ತದೆ ಎಂದು ಬರೆದು ತೋರಿಸಿದೆ. "ಹೌದಾ? ಒಳ್ಳೇದಾಯ್ತು!" ಎಂದು ಇನ್ನೂ ಜೋರಾಗಿ ಕೂಗಿದ.

ಏಪ್ರಿಲ್ 4, ಮಂಗಳವಾರ

ಮನೆಯೊಳಗೆ ಸೆಕೆ ತಡೆಯಲಾಗದೆ ಹೊರಗೆ ಬಂದವಳು ತರಗತಿಯ ಕಡೆಗೇ ನಡೆದಿದ್ದೆ. ಅಲ್ಲಿ ಫ್ಯಾನಿದೆ. ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು. ಹೋದ ಮೇಲೆ ಕೂತೆ. ಯಾನೆಲಿಸ್ ಹೇಳಿದ ಹಾಗೆ ಗಾಳಿ ನುಂಗಿದೆ. ಏನೂ ಬರಲಿಲ್ಲ, ಬಿಕ್ಕಳಿಕೆ ಬಂತು.

"ಮೂರು ತಿಂಗಳು ನನಗೂ ಬರೀ ಬಿಕ್ಕಳಿಕೇನೇ" ಎಂದ ಬಸಿಲಿಯೊ. "ಆಮೇಲೊಂದಿನ ಬಾಗಿಲಿಗೆ ಬೆರಳು ಸಿಕ್ಕಾಕ್ಕೊಳ್ತು ನೋಡು. ಎಂಥ ಬೈಗುಳ ಬಂತಂತೀಯ! ಹೆಂಡ್ತಿ ಮೇಣದಬತ್ತಿ ಹಚ್ಚಿ ಕೈಮುಗಿದ್ಲು."

ಹದಿನೈದರ ಸನ್ಮಾನಕ್ಕೆ ಯಾವ ಉಡುಪು? ನಮ್ಮಿಬ್ಬರದೂ ಒಂದೇ ಬಣ್ಣದ ನೀಲಿ ಉಡುಪಿದೆ. ಅದರ ಕತ್ತು ಆಳವಾಗಿದೆ, ತೂತು ಕಾಣುತ್ತದೆ. ಬೂದು ಬಣ್ಣದ್ದಕ್ಕೆ ಕುತ್ತಿಗೆಯ ವಸ್ತ್ರ ಸುತ್ತಿಕೊಳ್ಳಬಹುದು.

ಏಪ್ರಿಲ್ 16, ಭಾನುವಾರ

ನಿನ್ನೆಯದನ್ನು ಮೊದಲಿನಿಂದ ಬರೆಯುತ್ತೇನೆ. ಇಲ್ಲದಿದ್ದರೆ ಕೊನೆಯದೊಂದೇ ತಲೆಯಲ್ಲಿ ಉಳಿದುಬಿಡುತ್ತದೆ.

ಬೆಳಕಿರುವಾಗಲೇ ಹೋದೆ. ಇದಾಲ್ಮಿಸ್ ಮಧ್ಯಾಹ್ನವೇ ಹೋಗಿದ್ದಳು. ನನ್ನ ಮೇಜು ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡಿತ್ತು. ಮಾವಿನ ಮರದ ಕೆಳಗಿನ ಒಳ್ಳೆಯ ಮೇಜುಗಳಲ್ಲಿ ಪರದೇಶದವರು ಕೂತಿದ್ದರು. ನನ್ನ ಮೇಜಿನ ಮೇಲೊಂದು ಹೂವಿತ್ತು, ಪ್ಲಾಸ್ಟಿಕ್ಕಿನದು.

ಬಡಿಸುವವನು ನಡುವಯಸ್ಸಿನವನು, ಹೊಸಬ. ನನ್ನನ್ನು ಕಂಡು ಅವನೂ ಕೂಗಲು ಶುರುಮಾಡಿದ. ಕಡಲೇಡಿ ಎಂದು ಬರೆದೆ. "ಇಲ್ಲಮ್ಮಾ!" ಸುಟ್ಟ ಹಂದಿಮಾಂಸ? "ಅದೂ ಇವತ್ತಿಲ್ಲ!" ಮತ್ತೆ ಏನಿದೆ? "ಕೋಳಿ!" ಪಕ್ಕದ ಮೇಜಿನವರಿಗೆ ಕಡಲೇಡಿ ಹೋಗುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಅವನು ನೋಡಿ ಅಡುಗೆಮನೆಗೆ ಓಡಿದ.

ಕೋಳಿಯ ಮೂಳೆಯ ಹತ್ತಿರ ಇನ್ನೂ ಕೆಂಪಿತ್ತು. ಕೆಂಪು ಬೀನ್ಸಿನ ಅನ್ನ ಮುದ್ದೆ ಕಟ್ಟಿತ್ತು, ಮರಗೆಣಸು ಚಾಕುವಿಗೂ ಬಗ್ಗಲಿಲ್ಲ. ಬಿಯರು ಬೆಚ್ಚಗಿತ್ತು. ಒಂದು ಕಾಲದಲ್ಲಿ ಈ ಅಂಗಳಕ್ಕೆ ಕಾಲಿಟ್ಟರೆ ಬೆಳ್ಳುಳ್ಳಿ, ಹುಳಿ ಕಿತ್ತಳೆ ಎಣ್ಣೆಗೆ ಬಿದ್ದ ವಾಸನೆಗೆ ಹೊಟ್ಟೆ ಕೂಗುತ್ತಿತ್ತು. ನಿನ್ನೆ ವಾಸನೆ ಇರಲಿಲ್ಲವೋ, ನನಗೆ ಬರಲಿಲ್ಲವೋ. ತುತ್ತನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ ನುಂಗಿದೆ. ಸನ್ಮಾನದ ಊಟ, ಬಿಡಬಾರದು.

ಆಮೇಲೆ ವಾದ್ಯದವರು ಬಂದರು. ಗಿಟಾರು, ತ್ರೇಸ್ ತಂತಿವಾದ್ಯ, ಬೊಂಗೊ ಡೋಲು, ಎಲ್ಲರೂ ಹಳೆಯ ಪರಿಚಯದವರೇ. ಯಾರೂ ನನ್ನ ಕಡೆ ನೋಡಲಿಲ್ಲ. ಇದಾಲ್ಮಿಸ್ ನೀಲಿ ಉಡುಪಿನಲ್ಲಿ ಬಂದಳು. ಅವಳ ಪಕ್ಕದಲ್ಲಿ ಎರಡನೇ ಮೈಕು ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಈಗ ಬರುತ್ತಾಳೆ, ಆ ಮೂಗಿನ ಹುಡುಗಿ ಈಗ ಬರುತ್ತಾಳೆ ಎಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ.

ಹಾಡು ಶುರುವಾಯಿತು. ಎರಡನೇ ಸಾಲಿಗೆ ಎರಡನೇ ದನಿ ಸೇರಿಕೊಂಡಿತು. ನನ್ನದು.

ಗೋಡೆಗೆ ತಗುಲಿಸಿದ ಸ್ಪೀಕರಿನ ಪೆಟ್ಟಿಗೆಯಿಂದ ನಾನು ಹಾಡುತ್ತಿದ್ದೆ.

ಜನವರಿಯಲ್ಲಿ, ಆಸ್ಪತ್ರೆಗೆ ಸೇರುವ ಹಿಂದಿನ ವಾರ, ಇದೇ ಅಂಗಳದಲ್ಲಿ ಇದಾಲ್ಮಿಸ್ ನನ್ನಿಂದ ಹಾಡುಗಳನ್ನೆಲ್ಲ ಒಂದೊಂದಾಗಿ ಹಾಡಿಸಿ ರೆಕಾರ್ಡು ಮಾಡಿಕೊಂಡಿದ್ದಳು. "ನೆನಪಿಗೆ ಇರ್ಲಿ ಅಕ್ಕ. ನಿಂದು ಬೇರೆ ಹಾಡು, ನಂದು ಆಮೇಲೆ" ಎಂದಿದ್ದಳು. ನೆನಪಿಗಾದರೆ ಇಬ್ಬರೂ ಸೇರಿಯೇ ಹಾಡಬಹುದಿತ್ತಲ್ಲ ಎಂದು ಆಗ ಹೊಳೆದಿರಲಿಲ್ಲ. ಆಗ ಹೆದರಿಕೆಯೊಂದು ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ.

ಚೆನ್ನಾಗಿ ಹಾಡಿದ್ದೆ. ಅದನ್ನೂ ಬರೆಯಬೇಕು. ಅಷ್ಟು ಚೆನ್ನಾಗಿ ಹಾಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಮೊದಲ ಹಾಡು ಮುಗಿದಾಗ ಎವೆಲಿಯೊ ಮೈಕು ಹಿಡಿದ. "ಈ ದನಿಯ ಒಡತಿ ಇಲ್ಲೇ ಇದಾರೆ! ನಮ್ಮ ನೆರೇಯ್ಡಾ ಕಿಯಾಲಾ!" ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅವನು ನನ್ನ ಮೇಜಿನ ಬಳಿಗೆ ಬಂದು, ಮೊದಲ ಸಲ ಕೂಗದೆ, ಕಿವಿಯ ಹತ್ತಿರ ಹೇಳಿದ: "ಬನ್ನಿ ಅಕ್ಕ. ಮೈಕಿನ ಮುಂದೆ ನಿಂತು ತುಟಿ ಆಡಿಸಿದ್ರೆ ಸಾಕು. ಜನಕ್ಕೇನು ಗೊತ್ತಾಗುತ್ತೆ?" ಇದಾಲ್ಮಿಸ್ ವೇದಿಕೆಯಿಂದ ಕೈಚಾಚಿದಳು. ಅವಳ ಕಣ್ಣು ತುಂಬಿತ್ತು. ಚಪ್ಪಾಳೆ ನಿಲ್ಲುತ್ತಿರಲಿಲ್ಲ.

ಹೋದೆ. ಯಾಕೆ ಹೋದೆನೋ. ಚಪ್ಪಾಳೆ ಕೇಳಿದರೆ ಕಾಲು ತಾನಾಗಿ ಏಳುತ್ತದೆ.

ನಿಂತು ತುಟಿ ಆಡಿಸಿದೆ. ಪೆಟ್ಟಿಗೆಯಲ್ಲಿದ್ದವಳು ಉಸಿರೆಳೆದುಕೊಳ್ಳುವಾಗ ನಾನೂ ಎದೆ ಎತ್ತಿದೆ. ನನ್ನ ಉಸಿರು ವಸ್ತ್ರದ ಕೆಳಗೆ ಬುಸ್ಸೆಂದಿತು. ಮುಂದಿನ ಮೇಜಿನ ಹೆಂಗಸು ಫೋನು ಎತ್ತಿ ಹಿಡಿದಿದ್ದಳು. ಒಂದು ಚರಣ ಹಾಗೆಯೇ ಹೋಯಿತು. ಇನ್ನೊಂದರ ಮಧ್ಯದಲ್ಲಿ ಕರೆಂಟು ಹೋಯಿತು.

ಪೂರ್ತಿ ಕತ್ತಲಾಗಿರಲಿಲ್ಲ, ಆಕಾಶದಲ್ಲಿ ಇನ್ನೂ ಬೆಳಕಿತ್ತು. ಪೆಟ್ಟಿಗೆ ಸತ್ತಿತು. ನನ್ನ ತುಟಿಗಳಿಗೆ ಅದು ತಿಳಿಯಲಿಲ್ಲ. ಅವು ಆಡುತ್ತಲೇ ಇದ್ದವು. ಗಿಟಾರು ಮುಂದುವರಿಯಿತು, ಇದಾಲ್ಮಿಸ್ ಒಂದು ಸಾಲು ಒಬ್ಬಳೇ ಹಾಡಿದಳು, ನಾನು ಅವಳ ಪಕ್ಕ ನೀರಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದೆ. ಯಾರೋ ನಕ್ಕರು. ಕೆಟ್ಟ ನಗೆಯೇನಲ್ಲ, ತಡೆಯಲಾಗದೆ ಬರುತ್ತದಲ್ಲ, ಆ ಬಗೆಯದು. ಇದಾಲ್ಮಿಸ್ ಹಾಡು ನಿಲ್ಲಿಸಿದಳು.

ನಾನಿಳಿದು ನನ್ನ ಮೇಜಿಗೆ ಬಂದು ಕೂತೆ. ಕೋಳಿಗೆ ನೊಣ ಮುತ್ತಿತ್ತು. ಬಡಿಸುವವನು ಮೇಣದಬತ್ತಿ ಹಿಡಿದು ಬಂದು, ತಟ್ಟೆ ನೋಡಿ, "ಇನ್ನೂ ತಿಂತೀರಾಮ್ಮಾ? ಕಟ್ಟಿಕೊಡ್ಲಾ?" ಎಂದ. ತೆಗಿ ಇದನ್ನ, ಅಂದೆ. ಅವನು ಬೆಚ್ಚಿ ಹಿಂದೆ ಸರಿದ, ಚಮಚ ಕೆಳಗೆ ಬಿತ್ತು. ಮಬ್ಬಿನಲ್ಲಿ ನನ್ನ ಮುಖ ಕಂಡು ಹೆದರಿದನೇನೋ. ಸ್ಲೇಟು ಕೈಚೀಲದಲ್ಲೇ ಇತ್ತು, ಹೊರಗೆ ತೆಗೆದೇ ಇರಲಿಲ್ಲ.

ಒಬ್ಬಳೇ ನಡೆದು ಬಂದೆ.

ಏಪ್ರಿಲ್ 18, ಮಂಗಳವಾರ

ಎರಡು ದಿನ ಇಬ್ಬರೂ ಮೂಗಿಯರಾಗಿದ್ದೆವು. ಇವತ್ತು ಅವಳೇ ಬಾಯಿ ತೆರೆದಳು.

"ನೀನು ಆಪರೇಷನ್ ಟೇಬಲ್ ಮೇಲಿಂದ ಎದ್ದು ಬರ್ತೀಯೋ ಇಲ್ವೋ ಅಂತ ಯಾರೂ ಹೇಳಿರ್ಲಿಲ್ಲ ಅಕ್ಕ. ನಂಗೆ ನಿನ್ನ ದನಿ ಬೇಕಿತ್ತು."

ನಿನಗೋ, ಎವೆಲಿಯೊಗೋ? ಎಂದು ಬರೆದೆ.

"ಇಬ್ಬರಿಗೂ! ಆಯ್ತಾ? ಇಬ್ಬರಿಗೂ! ಒಬ್ಬಳೇ ಹಾಡ್ತೀನಂದ್ರೆ ಅವನು ಬೇಡ ಅಂದ. ನೀನು ಹಾಸಿಗೇಲಿದ್ದೆ, ಒಲೆ ಹೊತ್ತಿಸೋರು ಯಾರು? ಬೇರೆಯೋಳ ಜೊತೆ ಹಾಡಿದ್ರೆ ನೀನು ಸತ್ತೋಗ್ತಿದ್ದೆ, ನಂಗೊತ್ತು ನಿನ್ನ ಬುದ್ಧಿ. ಅದಕ್ಕೆ ನಿನ್ನ ಜೊತೇನೇ ಹಾಡಿದೆ. ಅದು ತಪ್ಪಾ?"

ತಪ್ಪು ಎಂದು ಬರೆಯಲು ಹೋಗಿ ಸೀಮೆಸುಣ್ಣ ಮುರಿಯಿತು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಶನಿವಾರ ತನ್ನ ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು, ತುಟಿಯೂ ಆಡಿಸಬೇಡ ಎಂದಳು. ಆಗದೆಂದು ತಲೆಯಾಡಿಸಿ ಹೊರಟೆ. ಮನೆಯಲ್ಲಿ ಅವಳ ಮುಖ ನೋಡುತ್ತ ಕೂರುವುದಕ್ಕಿಂತ ಕಪ್ಪೆಗಳ ತರಗತಿಯೇ ಮೇಲು.

ಮೇ 9, ಮಂಗಳವಾರ

"ಪಾ." "ತಾ." "ಕಾ." ನನ್ನ ಬಾಯಿಂದಲೇ ಬಂದವು. ಯಾನೆಲಿಸ್ ಕುಣಿದಾಡಿದಳು. ಬಸಿಲಿಯೊ ತೊಡೆ ತಟ್ಟಿಕೊಂಡ. ಇಷ್ಟು ವರ್ಷ ಗಂಟಲನ್ನು ಹಸುಗೂಸಿನ ಹಾಗೆ ಕಾಪಾಡಿದ್ದು ಕೊನೆಗೆ ಈ ಚರಂಡಿ ಸದ್ದಿಗಾಗಿ.

ಬಸಿಲಿಯೊ ಮಾತಾಡುವಾಗ ಎಲ್ಲೆಂದರಲ್ಲಿ ಗಾಳಿ ನುಂಗುತ್ತಾನೆ, ಮಾತು ತುಂಡು ತುಂಡಾಗಿ ಬೀಳುತ್ತದೆ. ಕೇಳಲಾಗದೆ ಅವನಿಗೆ ಜಾಗ ತೋರಿಸಿಕೊಟ್ಟೆ. ಇಲ್ಲಿ ನುಂಗು, ಇಲ್ಲಿಯವರೆಗೆ ಬಿಡು. "ಕಂಡಕ್ಟರಿಗೇ ಸ್ಟಾಪು ಹೇಳ್ಕೊಡ್ತೀಯಲ್ಲ!" ಎಂದ. ಆದರೆ ಹಾಗೆಯೇ ಮಾಡಿದ.

ಮನೆಗೆ ಬಂದಾಗ ಇದಾಲ್ಮಿಸ್ ಕೇಳಿದಳು: "ಏನಾದ್ರೂ ಬಂತಾ?"

ಇಲ್ಲವೆಂದು ತಲೆಯಾಡಿಸಿದೆ.

ಮೇ 27, ಶನಿವಾರ

ಕೆಳಗಿನ ಮನೆಯವರು ನೀರಿನ ಮೋಟಾರನ್ನು ತಮಗೇ ತಿರುಗಿಸಿಕೊಂಡಿದ್ದರು. ಸ್ಲೇಟಿಲ್ಲದೆ ಹೋಗಿ ಜಗಳವಾಡಿ ಬಂದೆ. ಆ ಗಂಡಸು ಬಾಯಿ ತೆರೆದುಕೊಂಡು ನಿಂತುಬಿಟ್ಟ, ಆಮೇಲೆ ತಕ್ಷಣ ನೀರು ಬಿಟ್ಟ.

ಇದಾಲ್ಮಿಸ್ ಮನೆಯಲ್ಲಿರಲಿಲ್ಲ, ಹೋಟೆಲಿಗೆ ಹೋಗಿದ್ದಳು. ಶನಿವಾರ ನಾನು ಆ ಬೀದಿಯ ಕಡೆ ಹೋಗುವುದಿಲ್ಲ.

ಜೂನ್ 3, ಶನಿವಾರ

ಉತ್ತರದ ಕಡಲತೀರದಲ್ಲಿ ದೊಡ್ಡ ವಸತಿ ಹೋಟೆಲೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಎವೆಲಿಯೊನ ನೆಂಟನ ಮೂಲಕ. ಅಲ್ಲೇ ಇರಬೇಕು. ಕಿಯಾಲಾ ಸೋದರಿಯರು ಎಂಬ ಹೆಸರಲ್ಲೇ ಕರೆದಿದ್ದಾರೆ.

ಅವಳು ನನ್ನ ಕಾಲ ಬಳಿ ನೆಲದ ಮೇಲೆ ಕೂತು ಕೇಳಿದಳು: "ನಿನ್ನ ದನಿ ತಗೊಂಡು ಹೋಗ್ಲಾ ಅಕ್ಕ? ನೀನು ಬೇಡ ಅಂದ್ರೆ ಬಿಟ್ಟು ಹೋಗ್ತೀನಿ. ಕೆಲ್ಸಾನೂ ಬಿಡ್ತೀನಿ. ನಮ್ಮಮ್ಮನಾಣೆ."

ಅವಳ ಬೈತಲೆಯಲ್ಲಿ ಬಣ್ಣ ಹೋಗಿ ಬಿಳಿ ಕಾಣುತ್ತಿತ್ತು. ಅವಳು ಆಣೆ ಉಳಿಸಿಕೊಳ್ಳುತ್ತಾಳೆಂದು ನನಗೆ ಗೊತ್ತು. ಬೇಡ ಎಂದರೆ ಈ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಮುದುಕಿಯರಾಗುತ್ತೇವೆ.

ತೆಗೆದುಕೊಂಡು ಹೋಗು ಎಂದು ಬರೆದೆ. ಸ್ಲೇಟನ್ನು ಎದೆಗವಚಿಕೊಂಡು ಅತ್ತಳು. ಸೀಮೆಸುಣ್ಣವೆಲ್ಲ ಅವಳ ಅಂಗಿಗೆ ಹತ್ತಿತು.

ಬಾಯಲ್ಲೇ ಹೇಳಬಹುದಿತ್ತು. ಅವಳ ಮುಂದೆ ಯಾಕೋ ಸ್ಲೇಟೇ ಕೈಗೆ ಬರುತ್ತದೆ.

ಜೂನ್ 20, ಮಂಗಳವಾರ

ಬಸಿಲಿಯೊ ತರಗತಿಗೆ ಬರುವುದನ್ನು ನಿಲ್ಲಿಸಿ ಎರಡು ವಾರವಾಗಿತ್ತು. ಗಡ್ಡೆ ಶ್ವಾಸಕೋಶಕ್ಕೆ ಇಳಿದಿದೆಯಂತೆ. ಮನೆಗೆ ಹೋಗಿದ್ದೆ. ಅವನಿಗೆ ಗಾಳಿ ನುಂಗುವಷ್ಟು ಶಕ್ತಿಯೂ ಇಲ್ಲ. ಮಧ್ಯಾಹ್ನವೆಲ್ಲ ಹಾಸಿಗೆಯ ಬದಿಗೆ ಕೂತು ಬೀದಿಯ ಸುದ್ದಿಯೆಲ್ಲ ಹೇಳಿದೆ: ಯಾನೆಲಿಸ್‌ಳ ಬೀಸಣಿಗೆ ಮುರಿದದ್ದು, ಕೆಳಗಿನ ಮನೆಯವನ ಮೋಟಾರಿನ ಜಗಳ. ಅವನು ಕಣ್ಣಲ್ಲೇ ನಕ್ಕ. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ನೀವು ಮಾತಾಡ್ತಾ ಇರಿ ಅಮ್ಮ, ಇವ್ರೇ ಮಾತಾಡ್ದಂಗಿದೆ" ಎಂದಳು.

ಜೂನ್ 25, ಭಾನುವಾರ

ಬಸಿಲಿಯೊನನ್ನು ಮಣ್ಣು ಮಾಡಿ ಬಂದೆವು.

ಜುಲೈ 14, ಶುಕ್ರವಾರ

ಸಂಜೆ ಫೋನು ಬಂತು. ಕೈ ಒದ್ದೆಯಿತ್ತು, ಒರೆಸಿಕೊಂಡು ಎತ್ತಿ ಹಲೋ ಎಂದೆ.

ಲೈನಿನಲ್ಲಿ ಕಡಲಿನ ಹಾಗೆ ಸದ್ದು. ಅದರ ಹಿಂದೆ ಇದಾಲ್ಮಿಸ್: "ಹಲೋ? ಯಾರ್ರೀ ಅದು? ಕಿಯಾಲಾ ಅವ್ರ ಮನೆ ಅಲ್ವಾ?"

ಹೌದು ಎಂದೆ.

"ಓ, ಪಕ್ಕದ ಮನೆಯೋರಾ ಯಜಮಾನ್ರೇ? ಒಳ್ಳೇದಾಯ್ತು ನೀವು ಎತ್ತಿದ್ದು. ನಾನು ಇದಾಲ್ಮಿಸ್. ನಮ್ಮಕ್ಕನ್ನ ಸ್ವಲ್ಪ ಕರೀತೀರಾ? ಅವ್ಳಿಗೆ ಮಾತು ಬರಲ್ಲ, ಗೊತ್ತಲ್ಲ ನಿಮಗೆ. ಸುಮ್ನೆ ಅವಳ ಕಿವಿಗೆ ಹಿಡೀರಿ, ಸಾಕು."

ನಾನೇ ಕಣೇ ಎಂಬ ಎರಡು ಮಾತು ನನಗೆ ಚೆನ್ನಾಗಿಯೇ ಬರುತ್ತವೆ. ಗಾಳಿಯನ್ನೂ ನುಂಗಿಕೊಂಡಿದ್ದೆ. ತಾಳಿ, ಕರೀತೀನಿ ಎಂದೆ.

ಸ್ವಲ್ಪ ಹೊತ್ತು ಬಿಟ್ಟು ರಿಸೀವರನ್ನು ಮತ್ತೆ ಕಿವಿಗಿಟ್ಟುಕೊಂಡೆ.

"ಅಕ್ಕಾ? ಇದೀಯಾ? ಇದ್ರೆ ಬೆರಳಲ್ಲಿ ಒಂದ್ಸಲ ತಟ್ಟು."

ತಟ್ಟಿದೆ.

"ಇಲ್ಲಿ ಯಾರೂ ಬರಲ್ಲ ಅಕ್ಕ. ಖಾಲಿ ಕುರ್ಚಿಗಳಿಗೆ ಹಾಡ್ತೀನಿ. ಗಿಟಾರಿನೋನು ಕುಡೀತಾನೆ. ಸೆಕೆ. ಆದ್ರೆ ರಾತ್ರಿ ನೀನು ಶುರು ಮಾಡ್ತೀಯಲ್ಲ, ಎರಡನೇ ಸಾಲಿಗೆ, ಆಗ ಎಲ್ಲಾ ಸರಿಯಾಗುತ್ತೆ. ನೀನು ಪಕ್ಕದಲ್ಲೇ ನಿಂತಂಗಿರುತ್ತೆ. ಅಕ್ಕಾ, ನಿಂಗೆ ನನ್ನ ಮೇಲೆ ಕೋಪ ಇಲ್ಲ ತಾನೆ? ಇಲ್ಲ ಅಂದ್ರೆ ತಟ್ಟು."

ತಟ್ಟಿದೆ.

ಅವಳು ಅಳುತ್ತಿದ್ದಳೋ, ಲೈನಿನ ಸದ್ದೋ, ತಿಳಿಯಲಿಲ್ಲ. ತಿಂಗಳ ಕೊನೆಗೆ ಮತ್ತೆ ಮಾಡುತ್ತೇನೆ ಎಂದಳು, ತೂತು ಮುಚ್ಚುವ ವಸ್ತ್ರ ದಿನಾ ಒಗೆ ಎಂದಳು. "ಈಗ ಫೋನು ಆ ಯಜಮಾನ್ರಿಗೆ ಕೊಡು."

ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಯಜಮಾನ್ರೇ, ಎಲ್ಲಾ ಕೇಳಿಸಿಕೊಂಡ್ಲಾ?"

ಎಲ್ಲಾ ಕೇಳಿಸಿಕೊಂಡಳು ಎಂದೆ.

"ಹೇಗಿದಾಳೆ? ನಿಜ ಹೇಳಿ."

ಸ್ವಲ್ಪ ಸಣ್ಣಗಾಗಿದ್ದಾಳೆ, ಆದರೆ ಊಟ ಮಾಡುತ್ತಾಳೆ, ಸಂಜೆ ಹೊತ್ತು ಬಾಗಿಲಲ್ಲಿ ಕೂರುತ್ತಾಳೆ ಎಂದೆ.

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಿಮ್ಮ ದನೀನೂ ಯಾಕೋ ಸರಿಯಿಲ್ಲ, ಶೀತಾನಾ? ನಿಂಬೆಹಣ್ಣು ಜೇನುತುಪ್ಪ ಹಾಕ್ಕೊಂಡು ಕುಡೀರಿ" ಎಂದಳು.

ಆಗಲಿ, ಕುಡಿಯುತ್ತೇನೆ ಎಂದೆ.